ನಮ್ಮ ಭಾವನ ಎಚ್

ನಮ್ಮ ಭಾವನಿಗೆ ಕಾಯಿಲೆಯೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ಹನ್ನೊಂದು ದಿನ ಈ ಮಾತನ್ನು ನಂಬಿದವರು ಇಡೀ ಬೀದಿಯಲ್ಲಿ ಇಬ್ಬರೇ. ಒಬ್ಬರು ಭಾವ, ಇನ್ನೊಬ್ಬ ನಾನು. ಐದನೆಯ ದಿನದ ಹೊತ್ತಿಗೆ ಭಾವನಿಗೂ ಅನುಮಾನ ಶುರುವಾಗಿತ್ತು.

ಭಾವ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಗೇಟಿನ ಹಲಗೆಯಲ್ಲಿ ಅವರ ಹೆಸರಿನ ಕೆಳಗೆ ‘ಸಂಶೋಧಕರು’ ಎಂದು ಬರೆಸಿದ್ದರು; ಆ ಅಕ್ಷರಗಳು ಹೆಸರಿಗಿಂತ ಒಂದು ಬೆರಳು ದೊಡ್ಡವು. ಬೀದಿಯ ಸಂಘದ ಸಭೆಗೆ ಕರೆದರೆ, "ಸಂಶೋಧನೆ ನಡೀತಿದೆ." ಅಕ್ಕ ನೀರಿನ ಟ್ಯಾಂಕು ತೊಳೆಯಲು ಕರೆದರೆ, "ಸಂಶೋಧನೆ ನಡೀತಿದೆ ಕಣೇ." ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಂಶೋಧನೆ ಗೊರಕೆ ಹೊಡೆಯುವುದು ನನಗೆ ಎಷ್ಟೋ ಸಲ ಕೇಳಿಸಿದೆ. ಆದರೂ ಬೀದಿಯವರಿಗೆ ಅವರೆಂದರೆ ಹೆಮ್ಮೆ. ಹೊಸಬರು ಯಾರಾದರೂ ಬಾಡಿಗೆಗೆ ಬಂದರೆ, "ಆ ನೀಲಿ ಗೇಟು ನೋಡಿ, ಅಲ್ಲೊಬ್ಬ ವಿಜ್ಞಾನಿ ಇದ್ದಾರೆ" ಎಂದು ತೋರಿಸುತ್ತಿದ್ದರು.

ಎಲ್ಲ ಸರಿಯಾಗಿಯೇ ಇತ್ತು, ಕಾಲೇಜಿಗೆ ಹೊಸ ಪ್ರಿನ್ಸಿಪಾಲರು ಬರುವವರೆಗೆ. ಅವರಿಗೆ ಅಂಕಿಗಳ ಹುಚ್ಚು. ಬಂದ ಮೂರನೆಯ ವಾರವೇ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಹಚ್ಚಿದರು. ಪ್ರತಿ ಮೇಷ್ಟ್ರ ಹೆಸರು, ಹೆಸರಿನ ಮುಂದೆ ‘ಎಚ್’ ಎಂಬ ಅಂಕಣದಲ್ಲಿ ಒಂದು ಸಂಖ್ಯೆ. ಅದನ್ನು ಹನ್ನೆರಡು ಪ್ರತಿ ತೆಗೆದುಕೊಟ್ಟವನು ನಾನೇ. ಕಾಲೇಜಿನ ಗೇಟಿನೆದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ರಸಾಯನಶಾಸ್ತ್ರದ ಮೇಡಂ ಮುಂದೆ ಹದಿನಾಲ್ಕು. ಇತಿಹಾಸದವರ ಮುಂದೆ ಎಂಟು. ಭಾವನ ವಿಭಾಗದಲ್ಲೇ ಅವರಿಗಿಂತ ಹನ್ನೆರಡು ವರ್ಷ ಚಿಕ್ಕವರಾದ ಮೇಡಂ ಮುಂದೆ ಆರು. ಭಾವನ ಮುಂದೆ ಒಂದು. ಮೊದಲು ನನ್ನ ಯಂತ್ರದ್ದೇ ತಪ್ಪು, ಪಕ್ಕದ ಅಂಕಿ ಹಾರಿಹೋಗಿದೆ ಅಂದುಕೊಂಡು ಗಾಜು ಒರೆಸಿ ಮತ್ತೆ ತೆಗೆದೆ. ಮತ್ತೆಯೂ ಒಂದೇ ಬಂತು.

ಅಂದು ಸಂಜೆ ಪ್ರಿನ್ಸಿಪಾಲರು ಭಾವನನ್ನು ಕರೆಸಿ, ಮೂರು ತಿಂಗಳೊಳಗೆ ಇದನ್ನು ಐದಕ್ಕೆ ತನ್ನಿ, ಇಲ್ಲದಿದ್ದರೆ ವಿಭಾಗದ ಮುಖ್ಯಸ್ಥರ ಕುರ್ಚಿ ಮರೆತುಬಿಡಿ ಎಂದರಂತೆ. ಭಾವ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಜಗಲಿಯಲ್ಲಿ ನಿಂತು ಇತಿಹಾಸದ ಮೇಷ್ಟ್ರಿಗೆ ಫೋನು ಮಾಡಿದರು.

"ನನ್ನ ಎಚ್ ಒಂದಂತೆ ಕಣ್ರೀ! ಎಲ್ಲರಿಗೂ ಆರು, ಎಂಟು, ಹದಿನಾಲ್ಕು ಇದೆ. ನನಗೆ ಮಾತ್ರ ಒಂದು. ಮೂರು ತಿಂಗಳು ಟೈಮ್ ಕೊಟ್ಟಿದ್ದಾರೆ, ಅಷ್ಟೇ. ಆಮೇಲೆ ಎಲ್ಲಾ ಮುಗೀತು."

ಕಿಟಕಿಯ ಒಳಗೆ ಕೂತು ಬೀನ್ಸ್ ಬಿಡಿಸುತ್ತಿದ್ದವಳು ನಮ್ಮಮ್ಮ. ಅಂದರೆ ಭಾವನ ಅತ್ತೆ. ಹಿಂದಿನ ತಿಂಗಳಷ್ಟೇ ಅವಳ ರಕ್ತಪರೀಕ್ಷೆ ಆಗಿತ್ತು. ಎಚ್‌ಬಿ ಒಂಬತ್ತಿದೆ, ಹನ್ನೆರಡಾದರೂ ಇರಬೇಕು ಎಂದು ಡಾಕ್ಟರು ಬೈದು ಕಳಿಸಿದ್ದರು. ಒಂಬತ್ತಕ್ಕೇ ಅಷ್ಟು ಬೈಗುಳವಾದರೆ ಒಂದಕ್ಕೆ? ಮಡಿಲಿನ ಬೀನ್ಸ್ ನೆಲಕ್ಕೆ ಚೆಲ್ಲಿತು.

"ಅಯ್ಯೋ, ನಮ್ಮ ಅಳಿಯಂದ್ರ ಮೈಯಲ್ಲಿ ರಕ್ತಾನೇ ಇಲ್ವಂತಲ್ಲೇ!"

ನಾನು ಅಂಗಡಿ ಮುಚ್ಚಿ ಅಕ್ಕನ ಮನೆಗೆ ಬರುವ ಹೊತ್ತಿಗೆ ಭಾವ ಮಂಚದ ಮೇಲಿದ್ದರು. ತಲೆಗೆ ಎರಡು ದಿಂಬು, ಕಾಲಿಗೆ ಮೂರು. ಅಕ್ಕ ಅಳುತ್ತಾ ಬೀಟ್‌ರೂಟ್ ತುರಿಯುತ್ತಿದ್ದಳು. ಅವಳ ಕೈ ನೋಡಿದರೆ ಕೊಲೆ ಮಾಡಿದವಳ ಹಾಗಿತ್ತು. ಅಮ್ಮ ದಾಳಿಂಬೆ ಬಿಡಿಸುತ್ತಿದ್ದಳು.

"ಇಪ್ಪತ್ತೆರಡು ವರ್ಷದಿಂದ ಓದಿ ಓದಿ ರಕ್ತ ಎಲ್ಲಾ ಬತ್ತಿಸಿಕೊಂಡ್ರು," ಎಂದಳು ಅಮ್ಮ. "ನಾವು ನಿದ್ದೆ ಮಾಡ್ತಾರೆ ಅಂದ್ಕೊಂಡ್ವಿ. ಅದು ಸುಸ್ತು ಕಣೋ, ಸುಸ್ತು!"

ಅವರಿಬ್ಬರನ್ನೂ ಅಡುಗೆಮನೆಗೆ ಕಳಿಸಿ ನಾನು ಬಾಗಿಲು ಹಾಕಿದೆ.

"ಭಾವ, ಇದೇನಿದು? ಆ ಪಟ್ಟಿ ನಾನೂ ನೋಡಿದೀನಿ. ಎಚ್ ಅಂದ್ರೆ ರಕ್ತ ಅಲ್ಲವಲ್ಲ?"

"ಮೆಲ್ಲಗೆ ಮಾತಾಡೋ." ಭಾವ ಎದ್ದು ಕೂತರು. "ಅದು ಸಂಶೋಧಕರನ್ನ ಅಳೆಯೋ ಸೂಚ್ಯಂಕ. ನಾವು ಬರೆದ ಲೇಖನಾನ ಬೇರೆಯವರು ತಮ್ಮ ಲೇಖನದಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಲೆಕ್ಕ. ನೀನು ಬರೆದಿದ್ದರಲ್ಲಿ ಐದು ಲೇಖನಾನ ಒಂದೊಂದನ್ನೂ ಐದು ಸಲವಾದ್ರೂ ಉಲ್ಲೇಖಿಸಿದ್ರೆ ನಿನ್ನ ಎಚ್ ಐದು. ಹತ್ತು ಲೇಖನ, ಹತ್ತತ್ತು ಸಲ ಆದ್ರೆ ಹತ್ತು."

"ಒಂದು ಅಂದ್ರೆ?"

ಭಾವ ಗೋಡೆ ನೋಡಿದರು. "ಒಂದು ಲೇಖನ. ಒಂದು ಸಲ."

"ಇಪ್ಪತ್ತೆರಡು ವರ್ಷದಲ್ಲಿ?"

"ಮೆಲ್ಲಗೆ ಅಂದ್ನಲ್ಲ!"

"ಹಾಗಿದ್ರೆ ನಿಜ ಹೇಳಿಬಿಡಿ ಭಾವ. ಅಕ್ಕ ಅಳ್ತಾ ಇದಾಳೆ."

ಭಾವ ನನ್ನ ಕೈ ಹಿಡಿದುಕೊಂಡರು. "ನೀನೇ ಯೋಚನೆ ಮಾಡು. ರಕ್ತ ಇಲ್ಲ ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಲೇಖನ ಇಲ್ಲ ಅಂದ್ರೆ? ಆ ಗೇಟಿನ ಹಲಗೆ ನಾನೇ ಕಿತ್ತು ಹಾಕ್ಬೇಕು. ಎರಡು ದಿನ ಬಿಡು, ಔಷಧಿ ತಗೊಂಡೆ, ಸರಿಹೋಯ್ತು ಅಂತೀನಿ. ಬಾಯಿ ಬಿಡಲ್ಲ ಅಂತ ಮಾತು ಕೊಡು."

ಮಾತು ಕೊಟ್ಟೆ. ಎರಡು ದಿನದ ಮಾತಲ್ಲವೇ? ಆದರೆ ಮನುಷ್ಯನಿಗೆ ಕೂತಲ್ಲಿಗೇ ದಾಳಿಂಬೆ ಬರತೊಡಗಿದರೆ ಮೂರನೆಯ ದಿನ ಎದ್ದು ಟ್ಯಾಂಕು ತೊಳೆಯುತ್ತಾನೆ ಎಂದು ನಂಬಿದ್ದು ನನ್ನ ತಪ್ಪು.

ಮರುದಿನ ಬೆಳಿಗ್ಗೆ ಸುದ್ದಿ ಬೀದಿಯ ಈ ತುದಿಯಲ್ಲಿ ಹೊರಟು ಆ ತುದಿ ಮುಟ್ಟುವಷ್ಟರಲ್ಲಿ ಭಾವನ ಮೈಯಲ್ಲಿ ಎರಡೇ ಲೋಟ ರಕ್ತ ಉಳಿದಿತ್ತು. ಎದುರುಮನೆಯ ನರ್ಸಮ್ಮ ಸಮವಸ್ತ್ರದಲ್ಲೇ ಓಡಿಬಂದರು. ದೊಡ್ಡಾಸ್ಪತ್ರೆಯ ರಕ್ತನಿಧಿಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದ ಹೆಂಗಸು.

"ಒಂದಿದ್ರೆ ಮನುಷ್ಯ ಎದ್ದು ನಿಲ್ಲೋಕಾಗಲ್ಲ, ಗೊತ್ತಾ?" ಎಂದರು.

"ನಿಂತಿದ್ದಾರಲ್ಲ, ಅದೇ ಆಶ್ಚರ್ಯ!" ಎಂದರು ಪಕ್ಕದ ಮನೆಯ ಹವಾಲ್ದಾರ್ ಮಾಮ. ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಸೀಟಿಯನ್ನು ಜೇಬಿನಿಂದ ನಿವೃತ್ತಿ ಮಾಡದವರು. "ಸಂಶೋಧಕರು ಕಣಮ್ಮ. ಬರೀ ಮನೋಬಲದ ಮೇಲೆ ಓಡಾಡ್ತಿದ್ದಾರೆ."

ನರ್ಸಮ್ಮ ಭಾವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಟೊಮೇಟೊ ಹಾಗೆ ಕೆಂಪಗಿದೆಯಲ್ರೀ!"

"ಅತ್ತಿದ್ದಾರೆ, ಪಾಪ," ಎಂದಳು ಅಮ್ಮ.

ನರ್ಸಮ್ಮ ಮತ್ತೆ ಪರೀಕ್ಷೆ ಮಾಡಿಸೋಣ ಎಂದರು. ಭಾವ ಗಾಬರಿಯಾಗಿ, "ಇರೋದೇ ಇಷ್ಟು, ಅದರಲ್ಲೂ ಪರೀಕ್ಷೆಗೆ ಅಂತ ತೆಗೀಬೇಡಿ" ಎಂದುಬಿಟ್ಟರು. ಆ ಮಾತಿಗೆ ಬಾಗಿಲಲ್ಲಿ ನಿಂತಿದ್ದ ಹಾಲಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹವಾಲ್ದಾರ್ ಮಾಮನ ಮೀಸೆ ನಡುಗಿತು. ಅವರು ಅಲ್ಲೇ, ಆ ಮಂಚದ ಪಕ್ಕದಲ್ಲೇ, ನೆಟ್ಟಗೆ ನಿಂತು ಘೋಷಿಸಿದರು.

"ಈ ಬೀದೀಲಿ ನೂರಿಪ್ಪತ್ತು ಮನೆ ಇದೆ. ನಮ್ಮೆಲ್ಲರ ಮೈಯಲ್ಲಿ ರಕ್ತ ಹರೀತಿರುವಾಗ ನಮ್ಮ ವಿಜ್ಞಾನಿ ಒಂದರಲ್ಲಿರೋದಾ? ರಕ್ತದಾನ ಶಿಬಿರ ಮಾಡೋಣ!"

ಭಾವನ ಮುಖ ಆಗ ನಿಜವಾಗಿಯೂ ಬಿಳುಪೇರಿತು. "ನೋಡಿದ್ರಾ, ನೋಡಿದ್ರಾ!" ಎಂದಳು ಅಮ್ಮ.

ಬಿಸಿತುಪ್ಪ ಬಾಯಿಗೆ ಬಿದ್ದಿತ್ತು. ಉಗುಳೋಣವೆಂದರೆ ನೂರಿಪ್ಪತ್ತು ಮನೆ ನೋಡುತ್ತಿದೆ. ನುಂಗೋಣವೆಂದರೆ ರಕ್ತನಿಧಿಯ ವ್ಯಾನು ಬರುತ್ತಿದೆ.

ಶಿಬಿರಕ್ಕೆ ದೊಡ್ಡ ಜಾಗ ಬೇಕಲ್ಲ? ಹವಾಲ್ದಾರ್ ಮಾಮ ಕಾಲೇಜಿನ ಸಭಾಂಗಣ ಕೇಳಲು ಹೋದರು. ಆ ಹೊತ್ತಿಗೆ ನಾನು ಪ್ರಿನ್ಸಿಪಾಲರ ಕೋಣೆಯಲ್ಲಿ ಜೆರಾಕ್ಸ್ ಕಟ್ಟು ಎಣಿಸಿಕೊಡುತ್ತಿದ್ದೆ. ಅಲ್ಲಿ ನಡೆದ ಮಾತನ್ನು ಒಂದಕ್ಷರ ಬಿಡದೆ ಹೇಳುತ್ತೇನೆ.

"ಸಾರ್, ನಮ್ಮ ಮೇಷ್ಟ್ರ ಎಚ್ ಒಂದಂತೆ. ನಿಮಗೂ ಗೊತ್ತಿದೆಯಂತೆ."

"ಗೊತ್ತಿಲ್ದೆ ಏನು? ನಾನೇ ಅವರಿಗೆ ಹೇಳಿದ್ದು." ಪ್ರಿನ್ಸಿಪಾಲರು ಕನ್ನಡಕ ಏರಿಸಿದರು.

"ಅದನ್ನ ಮೇಲೆತ್ತಬೇಕು ಅಂತ ಬೀದಿಯವರೆಲ್ಲ ಸೇರಿದ್ದೀವಿ. ಅರವತ್ತು ಜನ ಮುಂದೆ ಬಂದಿದ್ದಾರೆ, ನಿಮ್ಮ ಸಭಾಂಗಣ ಒಂದು ದಿನ ಕೊಡ್ಬೇಕು."

"ಅರವತ್ತು ಜನ!" ಪ್ರಿನ್ಸಿಪಾಲರು ಎದ್ದು ನಿಂತರು. "ಒಬ್ಬೊಬ್ಬರು ಒಂದೊಂದು ಕೊಟ್ರೂ ಅರವತ್ತು ಆಯ್ತಲ್ರೀ!"

"ಒಬ್ಬರಿಂದ ಒಂದೇ ತಗೊಳ್ಳೋದು ಸಾರ್. ಜಾಸ್ತಿ ತಗೊಂಡ್ರೆ ತಲೆ ತಿರುಗುತ್ತೆ."

"ಸಹಜ, ಸಹಜ. ಅಭ್ಯಾಸ ಇಲ್ಲದವರಿಗೆ ತಲೆ ತಿರುಗುತ್ತೆ. ಆದ್ರೆ ಗುಣಮಟ್ಟ? ಕಂಡಕಂಡವರದ್ದೆಲ್ಲ ತಗೊಂಡ್ರೆ ಸಮಿತಿಯವರು ಒಪ್ಪಲ್ಲ."

"ಎಲ್ಲಾ ಪರೀಕ್ಷೆ ಮಾಡಿಸೇ ತಗೊಳ್ಳೋದು. ಕುಡಿಯೋರನ್ನ ಬಿಟ್ಟಿದ್ದೀವಿ. ಅಂದ ಹಾಗೆ, ಮೇಷ್ಟ್ರದ್ದು ಯಾವ ಗ್ರೂಪ್ ಸಾರ್?"

"ಸ್ಟ್ಯಾಟಿಸ್ಟಿಕ್ಸ್."

ಹವಾಲ್ದಾರ್ ಮಾಮ ಮೀಸೆ ಸವರಿಕೊಂಡರು. "ಆ ಗ್ರೂಪ್ ನಾನು ಕೇಳೇ ಇಲ್ಲ. ಅಪರೂಪದ್ದಿರಬೇಕು."

"ಅಪರೂಪದ್ದೇ. ನಮ್ಮ ಕಾಲೇಜಲ್ಲಿ ಇಬ್ಬರೇ ಇರೋದು."

ಕಟ್ಟು ಎಣಿಸುತ್ತಿದ್ದ ನನಗೆ ಎಪ್ಪತ್ತಮೂರರ ನಂತರ ಯಾವ ಸಂಖ್ಯೆ ಬರುತ್ತದೆ ಎಂದೇ ಮರೆತುಹೋಯಿತು. ಬಾಯಿ ತೆರೆಯಬೇಕಿತ್ತು, ಒಪ್ಪುತ್ತೇನೆ. ಮಾತು ಕೊಟ್ಟಿದ್ದೆ ಎಂಬುದು ಅರ್ಧ ಕಾರಣ. ಮುಂದೇನಾಗುತ್ತದೋ ನೋಡಬೇಕೆಂಬ ಆಸೆ ಇನ್ನರ್ಧ.

"ಬರುವ ಗುರುವಾರವೇ ಇಟ್ಕೊಳ್ಳಿ," ಎಂದರು ಪ್ರಿನ್ಸಿಪಾಲರು ಕೈ ಉಜ್ಜಿಕೊಳ್ಳುತ್ತಾ. "ಅವತ್ತು ತಪಾಸಣಾ ಸಮಿತಿಯ ಅಧ್ಯಕ್ಷರು ಬರ್ತಾರೆ. ದೊಡ್ಡ ವಿದ್ವಾಂಸೆ, ಎಚ್ ಮೂವತ್ತೊಂದು! ಸಂಶೋಧನೆ ಕಡೆಗೆ ಜನ ಹೇಗೆ ಮುಗಿಬೀಳ್ತಾರೆ ಅಂತ ಅವರೇ ಕಣ್ಣಾರೆ ನೋಡಲಿ."

ಗುರುವಾರ ಬಂತು. ಕಾಲೇಜಿನ ಗೇಟಿಗೆ ಬಟ್ಟೆಯ ಫಲಕ: ‘ನಮ್ಮ ಮೇಷ್ಟ್ರ ಎಚ್ ಏರಿಸೋಣ, ಬನ್ನಿ!’ ಹವಾಲ್ದಾರ್ ಮಾಮ ಸೀಟಿ ಊದಿ ಸಾಲು ನಿಲ್ಲಿಸುತ್ತಿದ್ದರು. ಅರವತ್ತೆಂದದ್ದು ತೊಂಬತ್ತಾಗಿತ್ತು. ದರ್ಜಿ ಬಂದಿದ್ದ, ಬೇಕರಿಯವನು ಬಂದಿದ್ದ, ಭಾವನ ಜೊತೆ ಚರಂಡಿಯ ವಿಷಯಕ್ಕೆ ಆರು ವರ್ಷದಿಂದ ಮಾತು ಬಿಟ್ಟಿದ್ದ ಹಿಂದಿನ ಮನೆಯವರೂ ತೋಳು ಮಡಚಿಕೊಂಡು ನಿಂತಿದ್ದರು. ಸಭಾಂಗಣದ ತುಂಬ ಮಂಚ, ಮಂಚದ ತುಂಬ ಜನ, ಜನರ ತೋಳಿಗೆ ಕೊಳವೆ. ವೇದಿಕೆಯ ಮೇಲೆ ಆರಾಮಕುರ್ಚಿಯಲ್ಲಿ ಶಾಲು ಹೊದ್ದ ನಮ್ಮ ಭಾವ. ಹನ್ನೊಂದು ದಿನದ ಬೀಟ್‌ರೂಟ್, ಖರ್ಜೂರ, ದಾಳಿಂಬೆಯಿಂದ ಕೆನ್ನೆ ಎರಡೂ ಮಿರಮಿರ ಮಿಂಚುತ್ತಿದ್ದವು. ಅಷ್ಟು ಆರೋಗ್ಯವಂತ ಮನುಷ್ಯ ಆ ಕಟ್ಟಡದಲ್ಲಿ ಇನ್ನೊಬ್ಬನಿರಲಿಲ್ಲ.

ಬೆಳಿಗ್ಗೆಯೇ ಅಧ್ಯಕ್ಷರನ್ನು ಕರೆತರಲು ಹೋಗಿದ್ದ ಪ್ರಿನ್ಸಿಪಾಲರು ಹನ್ನೊಂದು ಗಂಟೆಗೆ ಅವರೊಂದಿಗೆ ಒಳಗೆ ಬಂದರು. ಅಧ್ಯಕ್ಷೆ ಕುಳ್ಳಗಿನ ಅಜ್ಜಿ, ಹೆಗಲಿಗೆ ಬಟ್ಟೆಯ ಚೀಲ, ಚುರುಕು ಕಣ್ಣು. ಬಾಗಿಲಲ್ಲೇ ನಿಂತರು. ಪ್ರಿನ್ಸಿಪಾಲರು, "ಇಲ್ಲಿ ನಮ್ಮ ಸಾರ್ವಜನಿಕರು ಸಂಶೋಧನೆಗೆ..." ಎಂದು ಶುರು ಮಾಡಿ, ರಕ್ತದ ಚೀಲಗಳನ್ನು ನೋಡಿ, ಬಾಯಿ ತೆರೆದೇ ಉಳಿದರು.

ಅಧ್ಯಕ್ಷೆ ಹತ್ತಿರದ ಮಂಚದಲ್ಲಿ ಮಲಗಿದ್ದ ಹಾಲಿನಮ್ಮನನ್ನು ಕೇಳಿದರು. "ಏನಮ್ಮ ಇದು?"

"ನಮ್ಮ ಮೇಷ್ಟ್ರ ಎಚ್ ಒಂದಕ್ಕಿಳಿದಿದೆ ಅಮ್ಮಾವ್ರೇ. ಏರಿಸ್ತಾ ಇದ್ದೀವಿ."

"ಹೌದಾ?" ಅಜ್ಜಿ ಕಣ್ಣು ಮಿಟುಕಿಸಿದರು. "ನನ್ನದು ಮೂವತ್ತೊಂದಿದೆ."

ಪಕ್ಕದಲ್ಲಿದ್ದ ನರ್ಸಮ್ಮನ ಕೈಯಿಂದ ಹತ್ತಿಯ ಉಂಡೆ ಬಿತ್ತು. "ಮೂವತ್ತೊಂದಾ? ಯಾರಲ್ಲಿ, ಮಂಚ ತನ್ನಿ! ರಕ್ತ ಗಟ್ಟಿಯಾಗಿ ಹೋಗಿರುತ್ತೆ! ಅಜ್ಜಿ, ಮಾತಾಡ್ಬೇಡಿ, ಉಸಿರಾಡಿ!"

ಹವಾಲ್ದಾರ್ ಮಾಮ ಒಂದು ಕಡೆ, ಬೇಕರಿಯವನು ಒಂದು ಕಡೆ ಹಿಡಿದು, ಸಮಿತಿಯ ಅಧ್ಯಕ್ಷರನ್ನು ಎತ್ತಿ ಮಂಚದ ಮೇಲೆ ಮಲಗಿಸಿಯೇಬಿಟ್ಟರು. "ಬಿಡ್ರೀ, ಅವರು ಅಧ್ಯಕ್ಷರು!" ಎಂದು ಪ್ರಿನ್ಸಿಪಾಲರು ಕೂಗಿದರು. "ಅಧ್ಯಕ್ಷರಾದ್ರೇನು, ಜೀವ ಅಲ್ವಾ?" ಎಂದು ಮಾಮ ಸೀಟಿ ಊದಿದರು. ನರ್ಸಮ್ಮ ನಾಡಿ ಹಿಡಿದುಕೊಂಡು ಅಳುವ ದನಿಯಲ್ಲಿ, "ಒಂದಿದ್ದವರು ನಡೆದಾಡ್ತಾರೆ, ಮೂವತ್ತೊಂದಿದ್ದವರು ನಗ್ತಾರೆ. ನಾನು ಓದಿದ್ದೆಲ್ಲ ಸುಳ್ಳಾ?" ಎಂದರು. ಅಜ್ಜಿ ನಿಜವಾಗಿಯೂ ನಗುತ್ತಿದ್ದರು.

ಪ್ರಿನ್ಸಿಪಾಲರು ಹೋಗಿ ಹವಾಲ್ದಾರ್ ಮಾಮನ ತೋಳು ಹಿಡಿದೆಳೆದರು. ಮಾಮ ಅವರನ್ನೂ ದಾನಿಯೆಂದೇ ತಿಳಿದು ಅವರ ಅಂಗಿಯ ತೋಳು ಮಡಚತೊಡಗಿದರು.

"ನಿಲ್ಲಿಸಿ!"

ಭಾವ ಎದ್ದು ನಿಂತಿದ್ದರು. ಶಾಲು ಜಾರಿ ಕೆಳಗೆ ಬಿತ್ತು.

"ನನ್ನ ರಕ್ತಕ್ಕೆ ಏನೂ ಆಗಿಲ್ಲ," ಎಂದರು. "ಬೇಕಾದಷ್ಟಿದೆ. ಎಚ್ ಅಂದ್ರೆ ರಕ್ತ ಅಲ್ಲ. ಅದು ನಾನು ಎಂಥ ಸಂಶೋಧಕ ಅನ್ನೋದರ ಲೆಕ್ಕ. ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದಿದ್ದು ಒಂದೇ ಒಂದು ಲೇಖನ. ಅದನ್ನ ಉಲ್ಲೇಖಿಸಿದವರು ಒಬ್ಬರೇ ಒಬ್ಬರು. ಹೇಳೋಕೆ ನಾಚಿಕೆಯಾಯ್ತು. ಅದಕ್ಕೇ ಸುಮ್ಮನೆ ಮಲಗಿದ್ದೆ."

ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳಿಸುವ ಮೌನ. ಅಲ್ಲಿ ಸೂಜಿಗಳಿಗೇನೂ ಕೊರತೆಯಿರಲಿಲ್ಲ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಅಳು ತಡೆಯುವುದಕ್ಕೋ ಬೈಗುಳ ತಡೆಯುವುದಕ್ಕೋ ಹೇಳಲಾರೆ. ಅಮ್ಮ ಮಾತ್ರ, "ಹಾಗಾದ್ರೆ ನನ್ನ ದಾಳಿಂಬೆ?" ಎಂದಳು. ಹಿಂದಿನ ಮನೆಯವರು ಮಂಚದಿಂದಲೇ ತಲೆಯೆತ್ತಿ, "ನನ್ನ ರಕ್ತ ವಾಪಸ್ ಕೊಡ್ರೀ" ಎಂದರು.

"ಕೊಡಲ್ಲ!" ಎಂದರು ನರ್ಸಮ್ಮ. "ನಿನ್ನೆವರೆಗೂ ನಮ್ಮ ರಕ್ತನಿಧೀಲಿ ನಾಲ್ಕೇ ಚೀಲ ಇತ್ತು. ಇವತ್ತು ನಾಲ್ಕು ಆಪರೇಷನ್ ಮುಂದಕ್ಕೆ ಹಾಕಬೇಕಿತ್ತು, ಈಗ ಒಂದೂ ಹಾಕಲ್ಲ. ಯಾರ ಎಚ್ ಆದ್ರೇನು, ಸುಮ್ನೆ ಮಲಕ್ಕೊಳ್ಳಿ."

ಆಗ ಅಧ್ಯಕ್ಷೆ ಮಂಚದಲ್ಲೇ ಎದ್ದು ಕೂತರು. "ಆ ಒಂದು ಲೇಖನ ಯಾವುದರ ಮೇಲೆ, ಮೇಷ್ಟ್ರೇ?"

"ಬಸ್ ಸ್ಟಾಪಿನಲ್ಲಿ ಕಾಯೋದರ ಮೇಲೆ." ಭಾವ ತಲೆ ತಗ್ಗಿಸಿಯೇ ಹೇಳಿದರು. "ಹತ್ತು ನಿಮಿಷಕ್ಕೊಂದು ಬಸ್ಸು ಅಂದ್ರೆ ಸರಾಸರಿ ಐದು ನಿಮಿಷ ಕಾದ್ರೆ ಸಾಕು ತಾನೇ? ಆದ್ರೆ ಯಾವಾಗಲೂ ಜಾಸ್ತಿ ಕಾಯ್ತೀವಿ. ಎಂಟು ತಿಂಗಳು ಸ್ಟಾಪಿನಲ್ಲಿ ನಿಂತು ಬರ್ಕೊಂಡೆ. ಬಸ್ಸುಗಳು ಒಂದೇ ಸಮನೆ ಬರಲ್ಲ. ದೊಡ್ಡ ಅಂತರ ಬಿದ್ದಾಗಲೇ ಜಾಸ್ತಿ ಜನ ಬಂದು ಸೇರ್ತಾರೆ, ಅದಕ್ಕೇ ಹಾಗೆ."

"ಉಲ್ಲೇಖಿಸಿದವರು ಯಾರು?"

"ನೋಡಿಲ್ಲ. ಧೈರ್ಯ ಬರಲಿಲ್ಲ."

ಕಿರಿಯ ಮೇಡಂ, ಅದೇ ಆರರವರು, ಆಗಲೇ ಮೊಬೈಲಿನಲ್ಲಿ ಹುಡುಕುತ್ತಿದ್ದರು. ಸಿಕ್ಕಿತು. ಯಾವುದೋ ದೂರದ ದೇಶದ ಒಬ್ಬರು ಹದಿನೇಳು ವರ್ಷದ ಹಿಂದೆ ಬರೆದದ್ದು. ಮೇಡಂ ಅದನ್ನು ಮನಸ್ಸಿನಲ್ಲೇ ಓದಿ ದನಿ ತಗ್ಗಿಸಿದರು.

"ಸಾರ್... ಬೇಡ ಬಿಡಿ."

"ಓದಿ," ಎಂದರು ಅಧ್ಯಕ್ಷೆ.

"‘ಈ ಲೇಖಕರು ನಾಲ್ಕನೇ ಪುಟದಲ್ಲಿ ದೊಡ್ಡ ತಪ್ಪು ಮಾಡಿದ್ದಾರೆ. ಬಸ್ಸು ಹತ್ತಿದವರನ್ನು ಮಾತ್ರ ಎಣಿಸಿದ್ದಾರೆ. ಕಾದು ಬೇಸತ್ತು ನಡೆದುಕೊಂಡು ಹೋದವರ ಲೆಕ್ಕವೇ ಇಲ್ಲ.’"

ಪ್ರಿನ್ಸಿಪಾಲರು ಹಣೆ ಚಚ್ಚಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಿದ ಒಂದೇ ಒಂದು ಉಲ್ಲೇಖ, ಅದೂ ಬೈಗುಳ! ಭಾವ ಕುಸಿದುಬೀಳುತ್ತಾರೆಂದು ನಾನು ವೇದಿಕೆಗೆ ಹಾರಿದೆ.

ಭಾವ ಕುಸಿಯಲಿಲ್ಲ. ಅವರ ಕಣ್ಣು ಅಗಲವಾಯಿತು.

"ನಾಲ್ಕನೇ ಪುಟ ಅಂದ್ರಾ?" ಎಂದರು. "ನಾಲ್ಕನೇ ಪುಟದವರೆಗೂ ಓದಿದ್ದಾರಾ! ಲೋ, ಯಾರೋ ಓದಿದ್ದಾರೆ ಕಣೋ! ಪೂರ್ತಿ ಓದಿದ್ದಾರೆ!" ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಮತ್ತೆ ಅವರು ಹೇಳಿದ್ದು ಸರಿ! ನೂರಕ್ಕೆ ನೂರು ಸರಿ! ನಡೆದುಕೊಂಡು ಹೋದವರನ್ನ ನಾನು ಯಾಕೆ ಎಣಿಸಲಿಲ್ಲ?"

"ನನ್ನ ಎಣಿಸಿಲ್ವಾ ಮೇಷ್ಟ್ರೇ?" ಹಾಲಿನಮ್ಮ ಮಂಚದಿಂದ ಕೂಗಿದಳು. "ವಾರದಲ್ಲಿ ನಾಲ್ಕು ದಿನ ಕಾದು ಕಾದು ನಡ್ಕೊಂಡೇ ಹೋಗ್ತೀನಿ!"

"ಎಷ್ಟು ಹೊತ್ತು ಕಾದು?" ಭಾವ ವೇದಿಕೆಯಿಂದ ಜಿಗಿದರು.

"ಇಪ್ಪತ್ತು ನಿಮಿಷ."

"ನಾನು ಹದಿನೈದಕ್ಕೇ ಬಿಡ್ತೀನಿ," ಎಂದ ದರ್ಜಿ.

"ಪೊಲೀಸಿನವನು ಬಿಡಲ್ಲ," ಎಂದರು ಹವಾಲ್ದಾರ್ ಮಾಮ. "ಬರೋವರೆಗೂ ನಿಲ್ತೀನಿ. ಒಂದ್ಸಲ ಬರಲೇ ಇಲ್ಲ."

ಭಾವ ಸೀಮೆಸುಣ್ಣ ಹಿಡಿದು ಗೋಡೆಯ ಕಪ್ಪುಹಲಗೆಗೆ ಓಡಿದರು. ಜನ ಮಂಚದಿಂದ ಒಬ್ಬೊಬ್ಬರಾಗಿ ಕೂಗಿ ಹೇಳುತ್ತಿದ್ದರು, ಭಾವ ಬರೆಯುತ್ತಿದ್ದರು. ಹಿಂದಿನ ಮನೆಯವರು ಆರು ವರ್ಷದ ಮೌನ ಮುರಿದು, "ನನ್ನದು ಹನ್ನೆರಡು ನಿಮಿಷ, ಬರ್ಕೊಳ್ರೀ" ಎಂದರು. ನರ್ಸಮ್ಮ ಒಬ್ಬೊಬ್ಬರ ತೋಳಿನ ಪಟ್ಟಿ ಬಿಚ್ಚುತ್ತಾ, "ರಕ್ತ ಕೊಟ್ಟೋರು ಕಿರುಚಬಾರದು!" ಎಂದು ತಾವೇ ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದರು. ಅಧ್ಯಕ್ಷೆ ಮಂಚದಿಂದ ಕಾಲು ಇಳಿಬಿಟ್ಟು ಕೂತು ಇದನ್ನೆಲ್ಲ ನೋಡಿದರು.

"ಈ ಪಟ್ಟಿಯಲ್ಲಿ ಇವರಿಗೆ ಒಂದೇ ಅಂಕ ಇದೆ ಮೇಡಂ," ಎಂದು ಪ್ರಿನ್ಸಿಪಾಲರು ಕ್ಷಮೆ ಕೇಳುವ ದನಿಯಲ್ಲಿ ಶುರು ಮಾಡಿದರು.

"ನನ್ನದೊಂದು ಲೇಖನ ಸಾವಿರಗಟ್ಟಲೆ ಸಲ ಉಲ್ಲೇಖ ಆಗಿದೆ ಸ್ವಾಮಿ," ಎಂದರು ಅಜ್ಜಿ. "ಒಬ್ಬರೂ ನಾಲ್ಕನೇ ಪುಟ ತಪ್ಪು ಅಂದಿಲ್ಲ. ಅಲ್ಲೊಂದು ತಪ್ಪಿದೆ, ನನಗೇ ಗೊತ್ತು. ಸ್ವಲ್ಪ ಸರೀರಿ, ಹಲಗೆ ಕಾಣಿಸ್ತಿಲ್ಲ."

ವಿಭಾಗದ ಕುರ್ಚಿ ಕಿರಿಯ ಮೇಡಂಗೇ ಹೋಯಿತು. ಅದು ನ್ಯಾಯವೂ ಹೌದು. ಅಂದು ಸಂಜೆ ಗೇಟಿನ ಹಲಗೆಯಿಂದ ‘ಸಂಶೋಧಕರು’ ಎಂಬುದನ್ನು ಭಾವ ತಾವೇ ಅಳಿಸಲು ಹೋದರು. ಅಕ್ಕ ಕುಂಚ ಕಿತ್ತುಕೊಂಡು ಟ್ಯಾಂಕು ತೊಳೆಯುವ ಪೊರಕೆ ಕೈಗಿಟ್ಟಳು. "ಅದು ಇರ್ಲಿ. ಇದು ಮೊದಲು," ಎಂದಳು. ಭಾವ ಮರುಮಾತಿಲ್ಲದೆ ಟ್ಯಾಂಕಿಗಿಳಿದರು. ಒಳಗಿನಿಂದ ಅವರು ಸಂಖ್ಯೆಗಳನ್ನು ಗುಣಿಸುವುದು ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ಅಂಗಡಿಗೆ ಹೋಗಲು ಬಸ್ ಸ್ಟಾಪಿಗೆ ಬಂದರೆ, ನಿಲ್ಲಲು ಜಾಗವಿಲ್ಲ. ಭಾವ, ಕಿರಿಯ ಮೇಡಂ, ಹವಾಲ್ದಾರ್ ಮಾಮ, ಹಾಲಿನಮ್ಮ, ದರ್ಜಿ, ಹಿಂದಿನ ಮನೆಯವರು, ಮಡಚುವ ಕುರ್ಚಿಯಲ್ಲಿ ನಮ್ಮಮ್ಮ. ಎಲ್ಲರ ಕೈಯಲ್ಲೂ ನನ್ನ ಅಂಗಡಿಯ ಹಾಳೆ, ಪೆನ್ಸಿಲ್. ಯಾರು ಎಷ್ಟಕ್ಕೆ ಬಂದರು, ಯಾರು ಎಷ್ಟಕ್ಕೆ ಬೇಸತ್ತು ಹೊರಟರು ಎಂದು ಒಬ್ಬರನ್ನೊಬ್ಬರು ಕಾವಲು ಕಾಯುತ್ತಿದ್ದಾರೆ. ದರ್ಜಿ ಎರಡು ಹೆಜ್ಜೆ ಆಚೆ ಹೋದರೆ ಸಾಕು, "ಬೇಸರ ಆಯ್ತಾ? ಆಯ್ತಾ? ಬರ್ಕೊಳ್ಳಲಾ?" ಎಂದು ಅಮ್ಮ ಪೆನ್ಸಿಲ್ ಎತ್ತುತ್ತಾಳೆ.

ತಿರುವಿನಲ್ಲಿ ಬಸ್ಸು ಕಂಡಿತು. ಮಾಮ ಸೀಟಿ ಊದಿದರು. ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಮೂವತ್ತು ಮಂದಿ ಒಟ್ಟಿಗೆ ಗಡಿಯಾರ ನೋಡಿದರು, ಒಟ್ಟಿಗೆ ಬರೆದುಕೊಂಡರು. ಒಬ್ಬರೂ ಕಾಲೆತ್ತಲಿಲ್ಲ.

"ಹತ್ರೀ, ಹತ್ರೀ!" ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ. "ಇಷ್ಟು ಜನ ಕಾಯ್ತಾ ಇದ್ದು ಯಾಕ್ರೀ ಹತ್ತಲ್ಲ?"

"ನೀವು ಹೊರಡಿ ಸ್ವಾಮಿ, ಬೇಗ ಹೊರಡಿ," ಎಂದರು ಭಾವ, ಕಣ್ಣು ಹೊಳೆಸುತ್ತಾ. "ಮುಂದಿನದು ಎಷ್ಟು ತಡ ಮಾಡುತ್ತೋ ನೋಡ್ಬೇಕು!"